ಮುಳ್ಳು ಕಿತ್ತ ಮೇಲೂ ಬೆರಳು ಊದಿದ್ದೇಕೆ?

ಪ್ರಶ್ನೆ: ಗಿಡ ಕತ್ತರಿಸುವಾಗ ಬೆರಳಿಗೆ ಮುಳ್ಳು ಚುಚ್ಚಿತು. ಆಗಲೇ ಕಿತ್ತು ತೆಗೆದೆ. ಆದರೂ ಸಂಜೆಗೆ ಬೆರಳು ಕೆಂಪಾಗಿ ಊದಿ ಸಿಡಿಯತೊಡಗಿತು. ಮರುದಿನ ಕೀವು. ಇದೆಲ್ಲ ಕ್ರಿಮಿಗಳ ಕೆಲಸವೇ?

ಉತ್ತರ: ಕ್ರಿಮಿ ಒಂದು ನೆಪ. ಬೆರಳನ್ನು ಊದಿಸಿದ್ದು ಬಹುಪಾಲು ನಿಮ್ಮ ದೇಹವೇ.

ಚರ್ಮದ ಕೆಳಗೆ ಮಾಸ್ಟ್ ಕೋಶ, ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಸದಾ ಬೀಡುಬಿಟ್ಟಿರುತ್ತವೆ. ಮಾಸ್ಟ್ ಕೋಶದ ಒಳಗೆ ಕಾಳಿನಂಥ ಪುಟ್ಟ ಚೀಲಗಳು. ಅವುಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಮೊದಲೇ ತಯಾರಾಗಿ ಕೂತಿರುತ್ತದೆ. ಹಾಗಾಗಿ ಮುಳ್ಳು ಚುಚ್ಚಿದಾಗ ಅದನ್ನು ಸುರಿಯಲು ಹೆಚ್ಚು ಹೊತ್ತು ಬೇಡ. ಹಿಸ್ಟಮಿನ್ ತಾಗಿದರೆ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಜಾಸ್ತಿ ನುಗ್ಗುತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆಯಲ್ಲಿ ಸಂದಿ ಬಿಟ್ಟು ನೀರಿನಂಶ ಹೊರಗೆ ಸೋರುತ್ತದೆ. ಅದೇ ಊತ.

ಮ್ಯಾಕ್ರೋಫೇಜ್ ಸ್ವಲ್ಪ ನಿಧಾನ. ಕ್ರಿಮಿಯ ಗುರುತು ಹಿಡಿದ ಮೇಲೆ ಅದು ಹೊಸದಾಗಿ ಸೈಟೊಕೈನ್ ಎಂಬ, ಸಂದೇಶ ಒಯ್ಯುವ ಪ್ರೋಟೀನುಗಳನ್ನು ತಯಾರಿಸಬೇಕು. ಇದಕ್ಕೆ ಗಂಟೆಗಳೇ ಹಿಡಿಯುತ್ತವೆ. ನಿಮಗೆ ಸಂಜೆ ಬಾಧೆ ಏರಿದ್ದು ಅದಕ್ಕೇ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸೈಟೊಕೈನ್‌ಗಳು ಹತ್ತಿರದ ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿಸುತ್ತವೆ. ರಕ್ತದಲ್ಲಿ ಓಡುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅಲ್ಲಿ ತಡವರಿಸುತ್ತದೆ. ಗೋಡೆಗೆ ತಾಗಿಕೊಂಡು ಉರುಳುತ್ತದೆ, ನಿಲ್ಲುತ್ತದೆ, ಆಮೇಲೆ ಮೈ ಹಿಂಡಿಕೊಂಡು ಸಂದಿಯಲ್ಲಿ ನುಸುಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಇದನ್ನು ನೋಡುತ್ತಾ ಕೂತರೆ ಏಳಲು ಮನಸ್ಸಾಗುವುದಿಲ್ಲ, ಬಿಡಿ. ಹೊರಬಂದ ಮೇಲೆ ದಾರಿ ಹೇಗೆ ಗೊತ್ತು? ಇಂಟರ್‌ಲ್ಯೂಕಿನ್-8 ಎಂಬ ಇನ್ನೊಂದು ಸೈಟೊಕೈನ್ ಎತ್ತ ಜಾಸ್ತಿಯೋ ಅತ್ತ, ಬೆಲ್ಲದ ಜಾಡು ಹಿಡಿದ ಇರುವೆಯ ಹಾಗೆ. ಹೀಗೆ ಬಂದು, ಕ್ರಿಮಿ ನುಂಗಿ, ಸತ್ತ ನ್ಯೂಟ್ರೋಫಿಲ್‌ಗಳ ರಾಶಿಯೇ ನೀವು ಕಂಡ ಕೀವು.

ನೋವಿಗೆ ಇನ್ನೊಂದು ರಾಸಾಯನಿಕ ಸೇರಿಕೊಳ್ಳುತ್ತದೆ, ಪ್ರೋಸ್ಟಗ್ಲಾಂಡಿನ್. ಇದು ನರದ ತುದಿಗಳನ್ನು ಕೆಣಕಿಟ್ಟಿರುತ್ತದೆ, ಮುಟ್ಟಿದರೂ ಚುರುಕ್ಕೆನ್ನುತ್ತದೆ. ಆಸ್ಪಿರಿನ್ ತಡೆಯುವುದು ಇದರ ತಯಾರಿಯನ್ನೇ ಎಂದು 1971ರಲ್ಲಿ ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಮುಳ್ಳು ಹೋದರೂ ಅದರ ಜೊತೆ ಬಂದ ಕ್ರಿಮಿ, ಹೊರಟ ಸಂದೇಶ ಎರಡೂ ಅಲ್ಲೇ ಉಳಿದಿರುತ್ತವೆ. ಊತ ಸುಮ್ನೆ ಇಳಿಯುವುದೂ ಇಲ್ಲ, ಇಳಿಸಬೇಕು. ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿದ ಮ್ಯಾಕ್ರೋಫೇಜ್ ವರಸೆ ಬದಲಿಸಿ, ಇಂಟರ್‌ಲ್ಯೂಕಿನ್-10ರಂಥ ‘ಸಾಕು ನಿಲ್ಲಿಸಿ’ ಸಂದೇಶ ಬಿಡುತ್ತದೆ. ಕೆಲವೊಮ್ಮೆ ಊತ ಹೀಗೆ ಇಳಿಯುವುದೇ ಇಲ್ಲ. ರುಮಟಾಯ್ಡ್ ಸಂಧಿವಾತ ಎಂಬ ಕೀಲುರೋಗದಲ್ಲಿ ಕ್ರಿಮಿಯೇ ಇಲ್ಲದಿದ್ದರೂ ಕೀಲಿನಲ್ಲಿ ಗದ್ದಲ ನಿಲ್ಲುವುದಿಲ್ಲ. ಅಂಥವರಲ್ಲಿ ಹಲವರಿಗೆ ಟಿಎನ್‌ಎಫ್ ಅನ್ನೇ ಕಟ್ಟಿಹಾಕುವ ಇಂಜೆಕ್ಷನ್ ಕೊಡುತ್ತಾರೆ.

ನಿಮ್ಮ ಬೆರಳಿನ ಕೆಂಪು ಕೈಮೇಲೆ ಹರಡುತ್ತಿದ್ದರೆ, ಅಥವಾ ಜ್ವರ ಬಂದರೆ, ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಕೀವನ್ನು ನೀವೇ ಹಿಸುಕಬೇಡಿ.