ಮಗ ಯಾವಾಗ ನಡೆಯುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ, ಏನು ಹೇಳಲಿ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಗನಿಗೆ 21 ವರ್ಷ, ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಐದು ತಿಂಗಳ ಹಿಂದೆ ಅಡಿಕೆಗೆ ಮದ್ದು ಬಿಡುವಾಗ ಮರದಿಂದ ಬಿದ್ದ. ಬೆನ್ನೆಲುಬಿನಲ್ಲಿ ಸೊಂಟಕ್ಕಿಂತ ಸ್ವಲ್ಪ ಮೇಲಿರುವ ಡಿ12 ಎಲುಬು ಮುರಿದು ಆಪರೇಶನ್ ಆಗಿದೆ. ಸೊಂಟದಿಂದ ಕೆಳಗೆ ಬಲ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಮೂತ್ರಕ್ಕೆ ಟ್ಯೂಬ್ ಇದೆ. ಎಲ್ಲ ಕೆಲಸ ನಾನೇ ಮಾಡುತ್ತೇನೆ. ಅವನು ಗೋಡೆ ಕಡೆ ತಿರುಗಿ ಮಲಗಿರುತ್ತಾನೆ, ಮಾತೇ ಇಲ್ಲ. ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಿದರೆ ನಡೆಯುತ್ತಾನೆ ಅಂತ ನೆಂಟರು ಹೇಳುತ್ತಾರೆ. ನಿಜವಾ?

ಉತ್ತರ: ಅಕ್ಕಾ, ಮೊದಲು ಕಷ್ಟದ ಮಾತು ಹೇಳಿಬಿಡುತ್ತೇನೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಬಲ ಬರುವುದಿದ್ದರೆ ಜಾಸ್ತಿ ಬರುವುದು ಮೊದಲ ಆರರಿಂದ ಒಂಬತ್ತು ತಿಂಗಳಲ್ಲಿ. ಆಮೇಲೆ ನಿಧಾನ. ಐದು ತಿಂಗಳಾದರೂ ಸ್ಪರ್ಶ ಮತ್ತು ಚಲನೆ ಎರಡೂ ಇಲ್ಲದಿದ್ದರೆ, ಮೊದಲಿನ ಹಾಗೆ ನಡೆಯುವ ಸಾಧ್ಯತೆ ತುಂಬಾ ಕಡಿಮೆ. ಆದರೆ ಒಂದು ಪರೀಕ್ಷೆ ಆಗಿದೆಯಾ ಅಂತ ಡಾಕ್ಟರರನ್ನು ಕೇಳಿ. ಗುದದ್ವಾರದ ಸುತ್ತ ಮುಟ್ಟಿದ್ದು ಗೊತ್ತಾಗುತ್ತದಾ, ಅಲ್ಲಿ ಬಿಗಿ ಹಿಡಿಯಲು ಆಗುತ್ತದಾ ಅಂತ ನೋಡಬೇಕು. ಅಲ್ಲಿ ಸ್ವಲ್ಪವಾದರೂ ಉಳಿದಿದ್ದರೆ ಬೆನ್ನುಹುರಿಯ ಪೆಟ್ಟು ಪೂರ್ತಿಯಲ್ಲ ಅಂತ ಅರ್ಥ, ಆಗ ಲೆಕ್ಕವೇ ಬೇರೆ.

ತಿಕ್ಕಿಸುವುದು ಬೇಡ. ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ, ಕಾಯಿಸಿದ ಎಣ್ಣೆ ಸುಟ್ಟರೂ ಅವನು ಹೇಳಲಾರ. ಬಿಸಿನೀರಿನ ಚೀಲವೂ ಬೇಡ. ನಡೆಯದ ಕಾಲಿನ ಎಲುಬು ತೆಳ್ಳಗಾಗಿರುತ್ತದೆ, ಜೋರಾಗಿ ಎಳೆದರೆ ಮುರಿಯಬಹುದು. ಒಂದು ಕಾಲು ಮಾತ್ರ ಊದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಜೀವಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಹೋಗಿ. ಫಿಸಿಯೋಥೆರಪಿಯವರು ತೋರಿಸಿದ ಹಾಗೆ ದಿನಾ ಮೆತ್ತಗೆ ಕೀಲು ಮಡಚಿ ಬಿಡಿಸಿದರೆ ಸಾಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು ಬೇರೆ. "ಎಲ್ಲ ಕೆಲಸ ನಾನೇ ಮಾಡುತ್ತೇನೆ." ನೀವು ಎಷ್ಟು ಪ್ರೀತಿಯಿಂದ ಮಾಡುತ್ತೀರಿ ಅಂತ ಗೊತ್ತು. ಆದರೆ 21 ವರ್ಷದ ಹುಡುಗ ಅಮ್ಮನ ಎದುರು ದಿನಾ ಬಟ್ಟೆ ಬಿಚ್ಚಿ ಮಲಗಬೇಕು. ಅವನು ಗೋಡೆ ಕಡೆ ತಿರುಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅವನ ಕೈಗಳು ಪೂರ್ತಿ ಸರಿ ಇವೆ. ಡಿ12 ಪೆಟ್ಟಾದವರು ಕಲಿತರೆ ಸ್ನಾನ, ಬಟ್ಟೆ, ಹಾಸಿಗೆಯಿಂದ ಕುರ್ಚಿಗೆ ದಾಟುವುದು, ಎಲ್ಲವನ್ನೂ ಸಾಮಾನ್ಯವಾಗಿ ತಾವೇ ಮಾಡಿಕೊಳ್ಳುತ್ತಾರೆ. ಅವನ ಮೈಯ ಕೆಲಸ ಒಂದೊಂದಾಗಿ ಅವನ ಕೈಗೆ ಹೋಗಬೇಕು.

ಮೂತ್ರದಿಂದ ಶುರುಮಾಡಿ. ಟ್ಯೂಬ್ ಯಾವಾಗಲೂ ಒಳಗೇ ಇದ್ದರೆ ಸೋಂಕು, ಕಲ್ಲು, ಗಾಯ ಆಗುತ್ತದೆ. ಬದಲಿಗೆ ಅವನೇ ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ಟ್ಯೂಬ್ ಹಾಕಿ, ಖಾಲಿ ಮಾಡಿ, ತೆಗೆದುಬಿಡಬಹುದು. 1972ರಲ್ಲಿ ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡಿಸ್ ಈ ಕ್ರಮವನ್ನು ಮುಂದಿಟ್ಟರು. ಆಪರೇಶನ್ ಕೋಣೆಯಷ್ಟು ಶುದ್ಧಿ ಬೇಡ, ಸಾಬೂನು ಹಾಕಿ ತೊಳೆದ ಕೈ ಮತ್ತು ಶುಚಿಯಾದ ಟ್ಯೂಬ್ ಸಾಕು ಎಂದು ತೋರಿಸಿದರು. ಒಂದು ಸಲಕ್ಕೆ 400-500 ಮಿಲಿಗಿಂತ ಜಾಸ್ತಿ ಬಂದರೆ ನಡುವಿನ ಸಮಯ ಕಡಿಮೆ ಮಾಡಬೇಕು. ಮೊದಲ ವಾರ ಅಳತೆ ಪಾತ್ರೆ ಇಟ್ಟು, ಸಮಯ ಮತ್ತು ಅಳತೆ ಪುಸ್ತಕದಲ್ಲಿ ಅವನೇ ಬರೆಯಲಿ. ನಿಮ್ಮಷ್ಟಕ್ಕೇ ಶುರುಮಾಡಬೇಡಿ. ಮೂತ್ರಕೋಶ ಮತ್ತು ಕಿಡ್ನಿ ಪರೀಕ್ಷೆ ಆಗಿ, ಡಾಕ್ಟರ್ ಒಪ್ಪಿದ ಮೇಲೆ ನರ್ಸ್ ಅವನಿಗೆ ಕಲಿಸಬೇಕು. ಕಲಿಸುವಾಗ ನೀವು ಹೊರಗೆ ಚಾವಡಿಯಲ್ಲಿ ಕೂತಿರಿ. ಚಳಿಜ್ವರ ಬಂದರೆ ತಡ ಮಾಡಬೇಡಿ. ಆದರೆ ಜ್ವರ ಇಲ್ಲದೆ, ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಇದೆ ಅನ್ನುವುದಕ್ಕೇ ಪ್ರತಿ ಸಲ ಆ್ಯಂಟಿಬಯೋಟಿಕ್ ಬೇಡ.

ಮಲಕ್ಕೆ ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ, ತಿಂಡಿ ಆದ ಅರ್ಧ ಗಂಟೆಗೆ. ಆಗ ಕರುಳು ತಾನಾಗಿ ಚುರುಕಾಗುತ್ತದೆ.

ಒತ್ತುಹುಣ್ಣು, ಅಂದರೆ ಒಂದೇ ಕಡೆ ಭಾರ ಬಿದ್ದು ಚರ್ಮಕ್ಕೆ ಆಗುವ ಗಾಯ, ಮಾತ್ರ ಬರಲೇಬಾರದು. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿದ್ದಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈ ಊರಿ ಪೃಷ್ಠ ಎತ್ತಬೇಕು, ಇಲ್ಲವಾದರೆ ಮುಂದಕ್ಕೆ ಬಾಗಬೇಕು. ಫೋನಿನಲ್ಲಿ ಅಲಾರಂ ಇಡಲಿ. ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಬೆನ್ನಿನ ಕೆಳಭಾಗ, ಹಿಮ್ಮಡಿ ಅವನೇ ನೋಡಿಕೊಳ್ಳಲಿ. ಕೆಂಪು ಕಲೆ ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಆ ಜಾಗಕ್ಕೆ ಮತ್ತೆ ಭಾರ ಬೀಳಬಾರದು.

ನಮ್ಮ ಕಡೆಯ ಮನೆಗಳಲ್ಲಿ ಮುರಕಲ್ಲಿನ ಮೆಟ್ಟಿಲು, ಎತ್ತರದ ಹೊಸ್ತಿಲು, ಹೊರಗಿನ ಬಚ್ಚಲು ಅಲ್ವಾ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮಳೆಗೆ ಪಾಚಿ ಕಟ್ಟುತ್ತದೆ, ಆದ್ದರಿಂದ ಮೇಲ್ಮೈ ಒರಟಾಗಿರಲಿ. ಅವನನ್ನೇ ಕೂರಿಸಿ ನಕ್ಷೆ ಮಾಡಿಸಿ. ಚಕ್ರದ ಕುರ್ಚಿ ಅವನ ಅಳತೆಯದ್ದೇ ಬೇಕು, ಕೂರುವ ಜಾಗಕ್ಕೆ ಒಳ್ಳೆ ಕುಶನ್ ಬೇಕು.

ಇದನ್ನೆಲ್ಲ ಒಟ್ಟಿಗೆ ಕಲಿಸುವ ಜಾಗ ಅಂದರೆ ಪುನರ್ವಸತಿ ವಿಭಾಗ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯಲ್ಲಿ ಅದನ್ನು ಕಟ್ಟಿದವರು ಕೇರಳದವರೇ ಆದ ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತದಲ್ಲಿ ಅವರಿಗೂ ಬೆನ್ನುಹುರಿಗೆ ಪೆಟ್ಟಾಯಿತು. ಆಮೇಲೂ ಅವರು ಚಕ್ರದ ಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಸಾಧ್ಯವಾದರೆ ಕೆಲವು ವಾರ ಇಂಥ ವಿಭಾಗದಲ್ಲಿ ಸೇರಿಸಿ. ಅಲ್ಲಿ ತನ್ನ ಹಾಗೇ ಇರುವ ಹುಡುಗರ ಜೊತೆ ಅವನು ಮಾತಾಡುತ್ತಾನೆ. ಮದುವೆ, ಮಕ್ಕಳು, ಲೈಂಗಿಕತೆ, ಈ ಪ್ರಶ್ನೆಗಳೂ ಅವನಿಗೆ ಇರುತ್ತವೆ. ನಿಮ್ಮ ಹತ್ತಿರ ಕೇಳಲು ಆಗುವುದಿಲ್ಲ.

"ಸಾಯಬೇಕು" ಅಂದರೆ, ಊಟ ನಿದ್ದೆ ಬಿಟ್ಟರೆ, ಸುಮ್ನೆ ಬೇಜಾರು ಅಂತ ಬಿಡಬೇಡಿ. ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿರುವ ತೋಟದ ವಿಷವನ್ನು ಬೀಗ ಹಾಕಿ ಇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು.

ಹಾಸಿಗೆ ಹಿಡಿದವರ ಆರೈಕೆ ಮಾಡುವ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಕೊಡಿ. ಅಂಗವಿಕಲರಿಗೆ ಸರಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿ. ಅದರಲ್ಲಿ ಅಂಗವೈಕಲ್ಯ 40 ಶೇಕಡಾ ಅಥವಾ ಹೆಚ್ಚು ಎಂದಿದ್ದರೆ, ಅಂಗವಿಕಲರ ಹಕ್ಕುಗಳ 2016ರ ಕಾನೂನಿನಂತೆ ಸರಕಾರಿ ಕೆಲಸದಲ್ಲಿ 4 ಶೇಕಡಾ, ಸರಕಾರಿ ಮತ್ತು ಅನುದಾನಿತ ಕಾಲೇಜಿನ ಸೀಟಿನಲ್ಲಿ 5 ಶೇಕಡಾ ಮೀಸಲಾತಿಗೆ ಅವನು ಅರ್ಹ. ಅರ್ಜಿ ಮಲಯಾಳದಲ್ಲೇ ಬೇಕು ಅಂದರೆ ಹೆದರಬೇಡಿ, ಕಾಸರಗೋಡಿನ ನಾವು ಕನ್ನಡದಲ್ಲೂ ಕೊಡಬಹುದು.

ಬಿ.ಕಾಂ. ಮುಗಿಸುವ ವಿಷಯವನ್ನು ನೀವು ಕಾಲೇಜಿನವರ ಹತ್ತಿರ ಮಾತಾಡಬೇಡಿ. ಕ್ಲಾಸು ಕೆಳಗಿನ ಮಹಡಿಯಲ್ಲಿ ಬೇಕು, ಬಾಗಿಲಿಗೆ ಇಳಿಜಾರು ಬೇಕು ಅಂತ ಪ್ರಿನ್ಸಿಪಾಲರಿಗೆ ಅವನೇ ಬರೆಯಲಿ. ಈ ತಿಂಗಳೇ ಆಗಬೇಕೆಂದಿಲ್ಲ. ಅವನು ಕೇಳಿದಾಗ ಕಾಗದ, ಪೆನ್ನು ತಂದು ಕೊಡಿ.