ನೀರಿನೊಳಗೆ ಬಂದೂಕು ಶಾರ್ಕ್ ಅನ್ನು ತಡೆದೀತೇ?

ಪ್ರಶ್ನೆ: ನನ್ನ ಅಣ್ಣನ ಮಗ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಕೆಲಸದಲ್ಲಿದ್ದಾನೆ. ರಜೆಯ ದಿನಗಳಲ್ಲಿ ಗೆಳೆಯರೊಡನೆ ಕಡಲಿಗಿಳಿದು, ನೀರಿನೊಳಗೆ ಈಟಿ ಹಾರಿಸುವ ಸ್ಪಿಯರ್‌ಗನ್ನಿನಿಂದ ಮೀನು ಹೊಡೆಯುವ ಹವ್ಯಾಸ ಹಚ್ಚಿಕೊಂಡಿದ್ದಾನೆ. ಅಲ್ಲಿ ಶಾರ್ಕ್‌ಗಳಿರುವುದರಿಂದ ಮನೆಯವರಿಗೆಲ್ಲ ಆತಂಕ. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಇಳಿದರೆ ಆಗದೇ ಎಂದು ಅಣ್ಣ ಕೇಳುತ್ತಾರೆ. ನಮ್ಮ ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ನೋಡುತ್ತಾ ಬೆಳೆದ ನಾವು, ನೀರು ತಾಗಿದ ಮದ್ದು ಕೆಟ್ಟಂತೆಯೇ ಎಂಬ ಮಾತನ್ನೂ ಕೇಳಿದ್ದೇವೆ. ಹಾಗಿದ್ದಲ್ಲಿ ನೀರಿನೊಳಗೆ ಬಂದೂಕು ಸಿಡಿಯುವುದು ಹೇಗೆ? ಅವನು ಊರಿಗೆ ಬಂದಾಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹೀಗೆ ಬೇಟೆಯಾಡಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಿಡಿಯುವುದೇನೋ ಸಿಡಿಯುತ್ತದೆ. ಮದ್ದು ಉರಿಯಲು ಹೊರಗಿನ ಗಾಳಿ ಬೇಕಿಲ್ಲ. ಹಿಂದಿನ ಕರಿಮದ್ದಿನಲ್ಲಿ ಇದ್ದಿಲು, ಗಂಧಕಗಳ ಜೊತೆ ಪೆಟ್ಲುಪ್ಪು ಸೇರಿರುತ್ತಿದ್ದು, ಉರಿಗೆ ಬೇಕಾದ ಆಮ್ಲಜನಕವನ್ನು ಆ ಉಪ್ಪೇ ಒದಗಿಸುತ್ತಿತ್ತು. ನೀರು ತಾಗಿದರೆ ಉಪ್ಪು ಕರಗಿ ಮದ್ದು ಕೆಡುತ್ತಿತ್ತು. ನೀವು ಕೇಳಿದ ಮಾತು ಆ ಮದ್ದಿನ ಮಟ್ಟಿಗೆ ನಿಜ. ಇಂದಿನ ತೋಟೆಯಲ್ಲಿರುವ ನೈಟ್ರೋಸೆಲ್ಯುಲೋಸ್‌ನ ಅಣುವಿನಲ್ಲಿಯೇ ಆಮ್ಲಜನಕವಿದೆ, ಮೇಲಾಗಿ ಹಿತ್ತಾಳೆಯ ಕವಚ ನೀರನ್ನು ಹೊರಗಿಡುತ್ತದೆ. ಆದ್ದರಿಂದ ಮೊದಲ ಗುಂಡು ಬಹುಮಟ್ಟಿಗೆ ಹಾರುತ್ತದೆ. ಕಷ್ಟ ಶುರುವಾಗುವುದು ಅದು ನಳಿಗೆಯಿಂದ ಹೊರಬಿದ್ದ ಮೇಲೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗುಂಡಿನ ವೇಗ ಇಮ್ಮಡಿಯಾದರೆ ನೀರಿನ ತಡೆ ನಾಲ್ಮಡಿಯಾಗುವುದರಿಂದ ರೈಫಲ್ಲಿನ ಬಿರುಸಿನ ಗುಂಡಿಗೂ ಇಲ್ಲಿ ರಿಯಾಯಿತಿಯಿಲ್ಲ. ನಳಿಗೆಯೊಳಗಿನ ಸುರುಳಿಗೆರೆಗಳು ಗುಂಡಿಗೆ ಕೊಡುವ ತಿರುಗು ಗಾಳಿಯಲ್ಲಿ ಅದನ್ನು ನೆಟ್ಟಗೆ ಸಾಗಿಸಲು ಸಾಕಾಗುತ್ತದೆ, ನೀರಿನಲ್ಲಿ ಸಾಲದು. ಗುಂಡು ಅಡ್ಡ ಮಗುಚಿ ಇನ್ನೂ ಬೇಗ ನಿಲ್ಲುತ್ತದೆ. 2016ರಲ್ಲಿ ನಾರ್ವೆಯ ಭೌತವಿಜ್ಞಾನಿ ಆಂಡ್ರಿಯಾಸ್ ವಾಲ್ ಅವರು ಈಜುಕೊಳದಲ್ಲಿ ಮುಳುಗಿಸಿದ ರೈಫಲ್ಲಿನ ಎದುರು ತಾವೇ ನಿಂತು, ಹಗ್ಗ ಎಳೆದು ಗುಂಡು ಹಾರಿಸಿಕೊಂಡರು. ಗುಂಡು ಅವರನ್ನು ಮುಟ್ಟುವ ಮೊದಲೇ ತಳಕ್ಕೆ ಬಿತ್ತು. (ದಯವಿಟ್ಟು ಯಾರೂ ಅನುಕರಿಸಬಾರದು.)

ಈ ತೊಡಕನ್ನು ಅರಿತೇ ಸೋವಿಯತ್ ನೌಕಾಪಡೆಗಾಗಿ 1970ರ ದಶಕದಲ್ಲಿ ಎಸ್‌ಪಿಪಿ-1 ಎಂಬ ಪಿಸ್ತೂಲು ಮತ್ತು ಎಪಿಎಸ್ ಎಂಬ ರೈಫಲ್ ತಯಾರಾದವು. ಇವು ಹಾರಿಸುವುದು ಸಾಮಾನ್ಯ ಗುಂಡನ್ನಲ್ಲ, ಉದ್ದನೆಯ ಉಕ್ಕಿನ ಮೊಳೆಯನ್ನು. ಆದರೂ ಎಪಿಎಸ್‌ನ ಹೊಡೆತ 5 ಮೀಟರ್ ಆಳದಲ್ಲಿ ಸುಮಾರು 30 ಮೀಟರ್ ದೂರದವರೆಗೆ ನಾಟುವಂಥದ್ದು, 40 ಮೀಟರ್ ಆಳಕ್ಕಿಳಿದರೆ ಸುಮಾರು 10 ಮೀಟರಿಗೆ ಕುಗ್ಗುತ್ತದೆ. ಅದೇನಿದ್ದರೂ ಸೈನಿಕರ ಆಯುಧ, ಹವ್ಯಾಸಿಗಳ ಕೈಗೆ ಸಿಗುವಂಥದ್ದಲ್ಲ. ಸಾಧಾರಣ ಪಿಸ್ತೂಲನ್ನು ಹಿಡಿದವನಿಗಾದರೋ ಅಪಾಯ ತನ್ನಿಂದಲೇ ಇದೆ. ನಳಿಗೆಯೊಳಗೆ ನಿಂತ ನೀರನ್ನು ಗುಂಡು ತಳ್ಳಬೇಕಾಗಿ ಬಂದು ಒತ್ತಡ ಏರುತ್ತದೆ, ನಳಿಗೆ ಉಬ್ಬಬಹುದು, ಒಡೆಯಲೂಬಹುದು; ಜೊತೆಗೆ ಸಿಡಿತದ ಒತ್ತಡದ ಅಲೆ ನೀರಿನಲ್ಲಿ ಬಲವಾಗಿ ಸಾಗಿ ಹೊಡೆದವನ ಕಿವಿಗೇ ಬಡಿಯುತ್ತದೆ.

ಬೇಟೆಗಾರರಲ್ಲಿ ಕೆಲವರು ನಿಜವಾಗಿ ಬಳಸುವುದು ಪವರ್‌ಹೆಡ್ ಅಥವಾ ಬ್ಯಾಂಗ್‌ಸ್ಟಿಕ್ ಎಂಬ ಸಾಧನವನ್ನು. ಕೋಲಿನ ತುದಿಯಲ್ಲಿ ಒಂದೇ ತೋಟೆ ಹಿಡಿಸುವ ಗಿಡ್ಡ ಉಕ್ಕಿನ ಕೊಳವೆ; ಟ್ರಿಗರ್ ಇಲ್ಲ. ಪ್ರಾಣಿಯ ಮೈಗೆ ಬಲವಾಗಿ ತಿವಿದಾಗ ತೋಟೆ ಹಿಂದಿರುವ ಮೊಳೆಗೆ ಬಡಿದು ಸಿಡಿಯುತ್ತದೆ. ತೋಟೆಯ ಕ್ಯಾಪಿನ ಸುತ್ತ ನೀರಿಳಿಯದಂತೆ ನೈಲ್ ಪಾಲಿಶ್ ಬಳಿದುಕೊಳ್ಳುವುದು ಅವರಲ್ಲಿ ರೂಢಿ. ಇಲ್ಲಿ ಗುಂಡು ನೀರಿನಲ್ಲಿ ಸಾಗಬೇಕಾಗಿಯೇ ಇಲ್ಲ. ಬಿಸಿ ಅನಿಲ ನೇರವಾಗಿ ಮಾಂಸದೊಳಕ್ಕೆ ನುಗ್ಗಿ ಸೀಳುತ್ತದೆ. ಹೊಡೆತ ಮಿದುಳಿನ ನೇರಕ್ಕೆ ಬಿದ್ದರೆ ಶಾರ್ಕ್ ಅಲ್ಲಿಯೇ ಸಾಯುತ್ತದೆ. ಬೇರೆಲ್ಲಿ ಬಿದ್ದರೂ ಗಾಯಗೊಂಡ ಪ್ರಾಣಿಯ ಒದ್ದಾಟ ಮತ್ತು ರಕ್ತ ಇನ್ನಷ್ಟು ಶಾರ್ಕ್‌ಗಳನ್ನು ಕರೆತರುತ್ತವೆ. ಸೇಫ್ಟಿ ಪಿನ್ ತೆಗೆದ ಇಂಥ ಕೋಲು ಅಲೆಗೆ ಓಲಾಡುವ ದೋಣಿಯಲ್ಲಿ ಜೊತೆಗಾರನ ಕಾಲಿಗೆ ತಾಗಿದರೂ ಸಿಡಿಯುತ್ತದೆ. ತೋಳಳತೆಯ ದೂರದಲ್ಲಿ ಶಾರ್ಕ್ ಇರುವಾಗ ಖಾಲಿ ಸ್ಪಿಯರ್‌ಗನ್ನಿನ ತುದಿಯಿಂದ ಅದರ ಮೂತಿಯನ್ನು ದೂಡುವುದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಇಷ್ಟಕ್ಕೂ ಕಚ್ಚುವ ಶಾರ್ಕ್ ಎದುರಿನಿಂದಲೇ ಬರಬೇಕೆಂದಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ ಅವರು 1963ರ ಡಿಸೆಂಬರ್ 8ರಂದು ಆಲ್ಡಿಂಗಾ ಕಡಲತೀರದಲ್ಲಿ ನಡೆದ ಸ್ಪರ್ಧೆಯಲ್ಲಿ ಮೀನೊಂದಕ್ಕೆ ಗುರಿಯಿಡುತ್ತಿದ್ದಾಗಲೇ ಬಿಳಿ ಶಾರ್ಕ್ ಅವರ ಎದೆಗೆ ಬಾಯಿ ಹಾಕಿತು. ಹೇಗೋ ಬಿಡಿಸಿಕೊಂಡು ಮೇಲೆ ಬಂದರೆ, ಅದು ಅವರ ಸೊಂಟಕ್ಕೆ ಹಗ್ಗದಿಂದ ಕಟ್ಟಿದ್ದ, ಹಿಡಿದ ಮೀನುಗಳ ತೇಲುಬುರುಡೆಯನ್ನು ನುಂಗಿ ಅವರನ್ನು ಮತ್ತೆ ಆಳಕ್ಕೆಳೆಯಿತು. ಹಗ್ಗ ಹರಿದದ್ದರಿಂದ ಬದುಕಿದರು. ನಾನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಸೊಂಟದಲ್ಲಿ ಪಿಸ್ತೂಲು ಇದ್ದಿದ್ದರೂ ಅದನ್ನು ಎಳೆಯಲು ಅವರಿಗೆ ವೇಳೆಯೆಲ್ಲಿತ್ತು?

ಆದ್ದರಿಂದ ನಿಮ್ಮ ಅಣ್ಣನ ಮಗನಿಗೆ ಹೇಳಬೇಕಾದದ್ದು ಹಿಡಿದ ಮೀನಿನ ವಿಚಾರ. ಮೀನನ್ನು ಮೈಗೆ ಕಟ್ಟಿಕೊಳ್ಳಬಾರದು. ಈಟಿ ತಗುಲಿದ ಕೂಡಲೇ ಕೊಂದು, ಆದಷ್ಟು ಬೇಗ ದೋಣಿಗೆ ಸಾಗಿಸಬೇಕು. ಒಬ್ಬನೇ ಇಳಿಯಬಾರದು, ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿಂದ ಕಾಯಬೇಕು. ಶಾರ್ಕ್ ಕಂಡರೆ ಬೆನ್ನು ತಿರುಗಿಸದೆ, ಕಣ್ಣು ಕೀಳದೆ ಹಿಂದೆ ಸರಿಯಬೇಕು. ಅದು ಮೀನಿಗೆ ಹಟ ಹಿಡಿದರೆ ಮೀನನ್ನು ಬಿಟ್ಟುಕೊಡಬೇಕು. ಶಾರ್ಕಿನ ಮೂತಿಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಸೂಕ್ಷ್ಮ ರಂಧ್ರಗಳಿದ್ದು, ಅವನ್ನು ಕಾಡುವ ವಿದ್ಯುತ್ ಸಾಧನಗಳು ಮಾರುಕಟ್ಟೆಯಲ್ಲಿವೆ. ಸರ್ಫಿಂಗ್ ಮಾಡುವವರಿಗಾಗಿ ತಯಾರಾದ ಐದು ಸಾಧನಗಳನ್ನು ಬಿಳಿ ಶಾರ್ಕ್‌ಗಳ ನಡುವೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಅವುಗಳಲ್ಲೊಂದು ಶಾರ್ಕ್ ಎರೆಗೆ ಬಾಯಿ ಹಾಕುವುದನ್ನು ಶೇ 96ರಿಂದ ಶೇ 40ಕ್ಕೆ ಇಳಿಸಿತ್ತು. ಪೂರ್ತಿ ಭರವಸೆ ಅಲ್ಲ, ಪಿಸ್ತೂಲಿಗಿಂತ ಎಷ್ಟೋ ವಾಸಿ. ಆಸ್ಟ್ರೇಲಿಯಾದಲ್ಲಿ ಆತ್ಮರಕ್ಷಣೆಯ ಕಾರಣಕ್ಕೆ ಬಂದೂಕಿನ ಪರವಾನಗಿಯೂ ಸಿಗುವುದಿಲ್ಲ. ಅಲ್ಲಿ ಬಿಳಿ ಶಾರ್ಕ್ ಸಂರಕ್ಷಿತ ಪ್ರಾಣಿ ಕೂಡ.

ನೇತ್ರಾಣಿಯ ವಿಷಯ: ಅಲ್ಲಿ ಬೇಟೆಯ ಯೋಚನೆ ಬೇಡ. ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು) ಸೋಸಿ ತಿಂದು ಬದುಕುವ ನಿರುಪದ್ರವಿ ತಿಮಿಂಗಿಲ ಶಾರ್ಕ್ ನಮ್ಮ ಅರಬ್ಬಿ ಸಮುದ್ರದಲ್ಲಿದ್ದು, 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ. ತೋಟೆ ಇಟ್ಟುಕೊಳ್ಳಲೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ, ತರಬೇತುದಾರರ ಜೊತೆ ಸ್ಕೂಬಾ ಮಾಡಿ ಮೀನುಗಳನ್ನು ನೋಡಿ ಬರಲು ಅಡ್ಡಿಯಿಲ್ಲ. ಮಳೆಗಾಲ ಕಳೆದ ಮೇಲೆ ಹೊರಡಲಿ.