ಅಪ್ಪನಿಗೆ ಕರುಳಿನ ಕ್ಯಾನ್ಸರ್ ಬಂದಿದೆ, ನಾನೂ ಟೆಸ್ಟ್ ಮಾಡಿಸಬೇಕಾ?

ನಿಮ್ಮ ತಂದೆಗೆ 44ಕ್ಕೇ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದೆ. ಅವರ ತಾಯಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. "ಅಜ್ಜಿಯದು ಬೇರೆ ಕಾಯಿಲೆ, ಲೆಕ್ಕಕ್ಕಿಲ್ಲ ಅಲ್ವಾ?" ಅಂತ ಕೇಳಿದ್ದೀರಿ. ಖಂಡಿತ ಲೆಕ್ಕಕ್ಕಿದೆ. ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಒಂದೇ ಮನೆತನದಲ್ಲಿ ಕಂಡರೆ ಲಿಂಚ್ ಸಿಂಡ್ರೋಮ್, ಅಂದರೆ ಇಂಥ ಕ್ಯಾನ್ಸರುಗಳ ಸಾಧ್ಯತೆ ಹೆಚ್ಚಿಸುವ, ಹೆತ್ತವರಿಂದ ಮಕ್ಕಳಿಗೆ ಬರಬಹುದಾದ ಜೀನ್ ದೋಷ, ಇರಬಹುದಾ ಅಂತ ನೋಡಲೇಬೇಕು. ಅಮೆರಿಕದ ವಾರ್ಥಿನ್ ಎಂಬ ವೈದ್ಯರು 1913ರಲ್ಲಿ ಇಂಥ ಮೊದಲ ಕುಟುಂಬದ ಬಗ್ಗೆ ಬರೆದರು. ಅದಕ್ಕೆ ದಾರಿಯಾದದ್ದು ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸಿನ ಮಾತು. ನಮ್ಮ ಮನೆಯವರೆಲ್ಲ ಕ್ಯಾನ್ಸರಿನಲ್ಲೇ ಹೋಗುತ್ತಾರೆ, ನಾನೂ ಹಾಗೇ ಹೋಗುತ್ತೇನೆ ಅಂದಿದ್ದರಂತೆ. ಆಕೆ ಕೊನೆಗೆ ಗರ್ಭಕೋಶದ ಕ್ಯಾನ್ಸರಿನಲ್ಲೇ ತೀರಿಕೊಂಡರು.

ನನಗೂ ಲಿಂಚ್ ಇದೆ, ಎಂಎಸ್ಎಚ್2 ಜೀನಿನಲ್ಲಿ. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವ ಜೀನ್ ಅದು. ಎಂಎಲ್ಎಚ್1, ಎಂಎಸ್ಎಚ್6, ಪಿಎಂಎಸ್2 ಕೂಡ ಅದೇ ಕೆಲಸದವು. ತಂದೆಗೋ ತಾಯಿಗೋ ದೋಷ ಇದ್ದರೆ ಪ್ರತಿ ಮಗುವಿಗೂ 50% ಸಾಧ್ಯತೆ, ಗಂಡಾದರೂ ಹೆಣ್ಣಾದರೂ ಅಷ್ಟೇ. ನನಗೆ ಬಂತು, ನನ್ನ ತಂಗಿಗೆ ಬರಲಿಲ್ಲ. ಅವಳಿಗೆ ಬಾರದ್ದು ಅವಳಿಂದ ಅವಳ ಮಕ್ಕಳಿಗೆ ಹೋಗುವುದಿಲ್ಲ.

ನೀವು ಸೀದಾ ಹೋಗಿ ನಿಮ್ಮ ರಕ್ತ ಕೊಡಬೇಡಿ. ಮೊದಲು ತಂದೆಯವರದ್ದು ಆಗಲಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಅರ್ಜಿ ಬರೆದು ಕೇಳಿ. ಅದರ ಮೇಲೆ ಐಎಚ್‌ಸಿ ಪರೀಕ್ಷೆ ಮಾಡಿ ಆ ನಾಲ್ಕು ಜೀನ್‌ಗಳ ಪ್ರೋಟೀನ್ ಇದೆಯಾ, ಕಾಣೆಯಾಗಿದೆಯಾ ನೋಡುತ್ತಾರೆ. ಸಂಶಯ ಬಂದರೆ ತಂದೆಯ ರಕ್ತ ಪರೀಕ್ಷೆ. ಅಲ್ಲಿ ಸಿಕ್ಕ ದೋಷ ನಿಮ್ಮಲ್ಲಿದೆಯಾ ಅಂತ ಆಮೇಲೆ ಹುಡುಕುವುದು. ಹೀಗೆ ಮಾಡದೆ ನಿಮಗೆ "ಇಲ್ಲ" ಅಂತ ಬಂದರೆ, ಅದನ್ನು ನಂಬಿ ನಿಶ್ಚಿಂತರಾಗಲು ಆಗಲ್ಲ. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಆಸ್ಪತ್ರೆ ಸಿಗುತ್ತದೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ದೋಷ ಇದ್ದರೆ ಕ್ಯಾನ್ಸರ್ ಬಂದೇ ಬರುತ್ತದೆ ಅಂತಲ್ಲ. ನನ್ನಂಥವರಿಗೆ 20-25ರಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುತ್ತಾರೆ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುತ್ತಾರೆ. ಹಿಂದಿನ ದಿನ ಗಂಜಿ ತಿಳಿ, ಎಳನೀರು ಅಷ್ಟೇ. ಸಂಜೆಯಿಂದ ಆ ಉಪ್ಪುಪ್ಪು ಔಷಧಿ ನೀರು ಲೀಟರ್‌ಗಟ್ಟಲೆ ಕುಡಿಯಬೇಕು. ಕಷ್ಟ ಅಂದರೆ ಅದೇ. ಪರೀಕ್ಷೆ ಹೊತ್ತಿಗೆ ಮಂಪರು ಕೊಡುತ್ತಾರೆ. ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ಕಂಡರೆ, ಅದು ಕ್ಯಾನ್ಸರ್ ಆಗುವ ಮುಂಚೆ, ಸಾಮಾನ್ಯವಾಗಿ ಅಲ್ಲೇ ತೆಗೆಯುತ್ತಾರೆ.

ನಮ್ಮ ಮಲೆನಾಡಿನಲ್ಲಿ ನನಗೆ ತುಂಬಾ ಸಂಕಟ ತರುವುದು ಇನ್ನೊಂದು. ಮಲದಲ್ಲಿ ರಕ್ತ ಕಂಡರೆ ಎಲ್ಲರೂ ಉಷ್ಣ, ಮೂಲವ್ಯಾಧಿ ಅನ್ನುತ್ತಾರೆ. ಸುವರ್ಣಗಡ್ಡೆ ಪಲ್ಯ, ಮಜ್ಜಿಗೆ ಶುರುವಾಗುತ್ತದೆ. ನಮ್ಮ ದೊಡ್ಡಪ್ಪ ಒಂದು ಮಳೆಗಾಲ ಪೂರ್ತಿ ಹೀಗೇ ಕಳೆದರು. ನಿಮ್ಮಂಥ ಮನೆಯಲ್ಲಿ ಒಂದು ದಿನವೂ ಹಾಗೆ ಕಾಯಬಾರದು.

ತಂದೆಯವರ ರಿಪೋರ್ಟ್ ಬಂದ ಮೇಲೆ ನಿಮ್ಮ ಅತ್ತೆಯಂದಿರಿಗೂ ಚಿಕ್ಕಪ್ಪನಿಗೂ ಹೇಳಿ. ಮಕ್ಕಳ ಮದುವೆ ಮಾತುಕತೆಗೆ ಅಡ್ಡಿಯಾಗುತ್ತದೆ ಅಂತ ಬಚ್ಚಿಡುವ ಮನೆಗಳಿವೆ. ನಿಮ್ಮಲ್ಲಿ ಹಾಗಾಗದಿರಲಿ. ಮುಟ್ಟು ನಿಂತ ಮೇಲೆ ಅತ್ತೆಗೆ ಸ್ವಲ್ಪ ರಕ್ತ ಕಂಡರೂ ಅವರು ತಕ್ಷಣ ಡಾಕ್ಟರ ಹತ್ತಿರ ಹೋಗಿ, ಈ ಕುಟುಂಬದ ವಿಷಯವನ್ನೂ ಹೇಳಬೇಕು.